ಎಮೇ ಪರ್ವತದ ಹೊಸ್ತಿಲು

ಚೀನಾದ ಎಮೇ ಪರ್ವತಕ್ಕೆ ಹೊರಡುವ ಮುಂಚೆ ಎರಡು ವಾರ ಕೂತು ನಾನೊಂದು ಪಟ್ಟಿ ಮಾಡಿದ್ದೆ. ಮೂವತ್ತು ವರ್ಷ ಅಮೆರಿಕದ ಸಿಯಾಟಲ್ ಬಳಿಯ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗಗಳ ಅಳತೆ ನೋಡಿದವನು. ನಿವೃತ್ತನಾದರೂ ಚಟ ಬಿಟ್ಟಿಲ್ಲ. ಎಲ್ಲಿ ಬಸ್ಸು, ಎಲ್ಲಿ ಕೇಬಲ್ ಕಾರು, ಎಲ್ಲಿ ಎಷ್ಟು ಮೆಟ್ಟಿಲು, ಎಲ್ಲಕ್ಕೂ ಒಂದೊಂದು ಕಾಲಂ. ಕಾರಣ ನನ್ನ ಹೆಂಡತಿ ವಸುಧಾಳ ಬಲ ಮಂಡಿ. ಎಂಟು ತಿಂಗಳ ಹಿಂದೆ ಅದನ್ನು ಆಪರೇಷನ್ ಮಾಡಿ ಬದಲಾಯಿಸಿದ್ದರು. ಫಿಸಿಯೋಥೆರಪಿಯಲ್ಲಿ ಆರು ಇಂಚು ಎತ್ತರದ ಪೆಟ್ಟಿಗೆ ಹತ್ತಿ ಇಳಿಯುವ ಅಭ್ಯಾಸವೂ ಆಗಿತ್ತು. ಆಮೇಲೊಂದು ದಿನ ಇಸ್ಸಾಕ್ವಾದ ನಮ್ಮ ಮನೆಯ ಗರಾಜಿನ ಮೆಟ್ಟಿಲಲ್ಲಿ ಮುಗ್ಗರಿಸಿದಳು. ಪೆಟ್ಟೇನೂ ಆಗಲಿಲ್ಲ, ಧೈರ್ಯ ಹೋಯಿತು.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅವಳು, "ಇದೊಂದ್ಸಲ ಬರ್ತೀನಿ ರೀ. ಆಗ್ಲಿಲ್ಲ ಅಂದ್ರೆ ಇನ್ಮೇಲೆ ಟ್ರಿಪ್ಪಿಗೆ ನೀವೊಬ್ರೇ ಹೋಗಿ, ನನ್ನ ಬಲವಂತ ಮಾಡ್ಬೇಡಿ" ಅಂದಳು. ನಾನು ಪಟ್ಟಿಯನ್ನು ನಂಬಿ ಹೂಂ ಅಂದೆ.

ಬೀಜಿಂಗಿನಲ್ಲಿ ವಿಮಾನ ಬದಲಿಸಿ ಚೆಂಗ್ದು ಸೇರಿದೆವು. ಅಲ್ಲಿಂದ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಬೆಟ್ಟದ ಬುಡ. ಸಿಯಾಟಲ್‌ನದೇ ಜಿನುಗು ಮಳೆ ಅಲ್ಲೂ ಕಾದಿತ್ತು. ಬೆಳಿಗ್ಗೆ ಹೋಟೆಲಿನಲ್ಲಿ ಅಕ್ಕಿ ಗಂಜಿ ಕೊಟ್ಟರು. ವಸುಧಾ ಚೀಲದಿಂದ ಚಟ್ನಿಪುಡಿ ತೆಗೆದು ಅದಕ್ಕೊಂದು ಗತಿ ಕಾಣಿಸಿದಳು. ಬೆಟ್ಟದ ಪ್ರವೇಶಕ್ಕೆ ತಲಾ ನೂರ ಅರವತ್ತು ಯುವಾನ್.

ಮೊದಲು ನೋಡಿದ್ದು ಬುಡದಲ್ಲೇ ಇರುವ ಬಾವ್‌ಗುವೋ ದೇವಾಲಯ. ಬಾಗಿಲಲ್ಲೇ ನನ್ನ ಪಟ್ಟಿ ಕೈಕೊಟ್ಟಿತು. ಅಡ್ಡಕ್ಕೆ ಮರದ ಹೊಸ್ತಿಲು, ಹೆಚ್ಚುಕಡಿಮೆ ಮಂಡಿಯೆತ್ತರ. ಚೀನಾದ ಹಳೆಯ ಗುಡಿಗಳಲ್ಲಿ ಹೀಗೇ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಮೇಲೆ ಕಾಲಿಟ್ಟು ಇಳಿದುಬಿಡು ಎಂದೆ.

"ಹೊಸ್ತಿಲ ಮೇಲೆ ಕಾಲಿಡೋದಾ? ಮೈಸೂರಲ್ಲಿ ದಿನಾ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಬೆಳೆದವಳು ನಾನು."

ಸುತ್ತ ನೋಡಿದರೆ ಅವರದೂ ಅದೇ ಕಟ್ಟುಪಾಡು. ಒಬ್ಬ ತಾಯಿ ಮಗುವಿನ ಕಾಲು ತಾಗದಂತೆ ಎತ್ತಿ ದಾಟಿಸುತ್ತಿದ್ದಳು. ನಾನೊಬ್ಬನೇ ಒಳಗೆ ಹೋದೆ, ನಮ್ಮ ಅಭ್ಯಾಸದಂತೆ ಶೂ ಹೊರಗೆ ಬಿಟ್ಟು. ಅಲ್ಲಿ ಯಾರೂ ಬಿಡುವುದಿಲ್ಲ. ಕಸ ಗುಡಿಸುವ ಹೆಂಗಸು ಎರಡೂ ಶೂ ಕೈಯಲ್ಲಿ ಹಿಡಿದು ಬೆನ್ನಟ್ಟಿ ಬಂದು, ಒದ್ದೆಯಾದ ನನ್ನ ಸಾಕ್ಸು ತೋರಿಸಿ ಚೆನ್ನಾಗಿ ಬೈದಳು. ಒಂದು ಪದವೂ ತಿಳಿಯಲಿಲ್ಲ, ಅರ್ಥವೆಲ್ಲ ಆಯಿತು. ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದ ವಸುಧಾ ಇದನ್ನು ಕೇಳಿ ನಕ್ಕಳು. ಆಮೇಲೆ, "ಫೋಟೋ ತೋರಿಸಿ, ಅಷ್ಟು ಸಾಕು" ಅಂದಳು. ಆ 'ಸಾಕು' ನನ್ನ ಎದೆಗೆ ನಾಟಿತು. ಮಾರನೆಯ ದಿನವೂ ಎರಡು ಗುಡಿಗಳಲ್ಲಿ ಹೀಗೇ ಆಯಿತು.

ಮೂರನೆಯ ದಿನ ವಾನ್‌ನಿಯನ್ ದೇವಾಲಯ. ಮಂಜಿನಲ್ಲಿ ಕೇಬಲ್ ಕಾರು ಹತ್ತಿದೆವು. ತೊಲೆಗಳೇ ಇಲ್ಲದ, ಗುಂಡು ಚಾವಣಿಯ ಇಟ್ಟಿಗೆಯ ಮಂಟಪದಲ್ಲಿ ಆರು ದಂತದ ಬಿಳಿಯಾನೆ. ಅದರ ಮೇಲೆ ಕೂತ ಬೋಧಿಸತ್ವ. ದಸರೆಯ ಆನೆಗಳನ್ನು ನೋಡಿ ಬೆಳೆದ ವಸುಧಾ ಇಷ್ಟು ದೂರ ಬಂದದ್ದೇ ಈ ಆನೆಗಾಗಿ. ಇಲ್ಲೂ ಹೊಸ್ತಿಲು. ಹೊರಗಿನಿಂದ ಅವಳಿಗೆ ಕಂಡದ್ದು ಆನೆಯ ಪಾದಗಳು ಮಾತ್ರ.

ನಾವು ಪಕ್ಕಕ್ಕೆ ಸರಿದಾಗ, ಹಳದಿ ಚೀಲ ತೂಗುಹಾಕಿಕೊಂಡ ಒಬ್ಬ ಅಜ್ಜಿ ಊರುಗೋಲು ಹಿಡಿದು ಬಂದರು. ಅವರ ಒಂದು ಕಾಲು ಮಡಚುತ್ತಲೇ ಇರಲಿಲ್ಲ. ಬಾಗಿಲಿಗೆ ಅಡ್ಡಲಾಗಿ ತಿರುಗಿ, ಚೌಕಟ್ಟು ಹಿಡಿದು, ಚೆನ್ನಾಗಿದ್ದ ಕಾಲನ್ನು ಮೊದಲು ದಾಟಿಸಿದರು. ನೋವಿನ ಕಾಲನ್ನು ಮುಂದಕ್ಕೆ ಎತ್ತಲಿಲ್ಲ. ಪಕ್ಕಕ್ಕೆ ಬೀಸಿ, ಮೇಲಿಂದ ಎಳೆದುಕೊಂಡರು. ಒಳಗೆ ನಿಂತು ತಿರುಗಿ ನೋಡಿ, ವಸುಧಾಳ ಮಂಡಿಯನ್ನು ತೋರಿಸಿ, ತಮ್ಮ ಭುಜ ತಟ್ಟಿಕೊಂಡರು. ಹಿಡಿದುಕೋ ಎಂದು.

ವಸುಧಾ ಅಡ್ಡ ತಿರುಗಿದಳು. ಎಡಗಾಲು ದಾಟಿತು. ಬಲಗಾಲು ಅರ್ಧದಲ್ಲಿ ನಿಂತಿತು. ಅಜ್ಜಿ ಏನೋ ಗುನುಗಿದರು. ಕಾಲು ಒಳಗಿಳಿಯಿತು. ಅವಳು ಆನೆಯ ಎದುರು ನಿಂತು ಅತ್ತಳು; ನಾನು ಕಂಬದ ಮರೆಗೆ ಹೋಗಿ ಅತ್ತೆ. ಅಜ್ಜಿ ನಮ್ಮಿಬ್ಬರನ್ನೂ ಬಿಟ್ಟು ತಮ್ಮ ಊದಿನಕಡ್ಡಿ ಹಚ್ಚಲು ಹೋದರು.

ಹೊರಗೆ ಬರುವಾಗ ನಾನು ಕೈ ಚಾಚಿದೆ. ವಸುಧಾ ಚೌಕಟ್ಟನ್ನೇ ಹಿಡಿದಳು.

"ಆ ಫಿಸಿಯೋಥೆರಪಿಯವ್ರು ಪೆಟ್ಟಿಗೆ ಹತ್ತೋದು ಕಲಿಸಿದ್ರು ಕಣ್ರೀ, ದಾಟೋದನ್ನ ಕಲಿಸಿರ್ಲಿಲ್ಲ."

ನಾಲ್ಕನೆಯ ದಿನ, ಚಿನ್ನದ ಶಿಖರ ಎಂದು ಕರೆಯುವ ಬೆಟ್ಟದ ತುದಿಯಲ್ಲಿ ಮೋಡ ಬಿಟ್ಟು ಏನೂ ಕಾಣಲಿಲ್ಲ. ನನಗೆ ಬೇಜಾರಾಯಿತು, ಅವಳು ಅಲ್ಲಿನ ಗುಡಿಯ ಹೊಸ್ತಿಲನ್ನು ಎರಡು ಸಲ ದಾಟಿದಳು, ಒಂದು ಸಲ ಸುಮ್ಮನೆ.

ಇಸ್ಸಾಕ್ವಾಕ್ಕೆ ಮರಳಿದಾಗ ಮಧ್ಯಾಹ್ನ. ಮುಂಬಾಗಿಲ ಕಡೆಗೆ ಪೆಟ್ಟಿಗೆ ಎಳೆಯುತ್ತಿದ್ದ ನನ್ನನ್ನು ತಡೆದು ಅವಳು ಗರಾಜಿನ ಕಡೆ ನಡೆದಳು. ತಾನು ಮುಗ್ಗರಿಸಿದ್ದ ಮೆಟ್ಟಿಲ ಮುಂದೆ ಅಡ್ಡ ತಿರುಗಿ, ಗೋಡೆ ಹಿಡಿದು, ಮನೆಯೊಳಗೆ ಹೋದಳು. ಒಳಗಿನಿಂದಲೇ ಹೇಳಿದಳು:

"ರೀ, ಮುಂದಿನ ಟ್ರಿಪ್ಪಿನ ಪಟ್ಟಿಲಿ ಹೊಸ್ತಿಲಿಗೂ ಒಂದು ಕಾಲಂ ಹಾಕಿ."