ಊದಿದ ಕಾಲುಗಳ ಗುರುವಾರ

ಕೋವಿಡ್ ಕಾವು ಇಳಿದ ಮರುವರ್ಷ ನಾನು ಬಾಗಲಕೋಟೆಯ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಹಿರಿಯ ನರ್ಸ್ ಆಗಿದ್ದೆ. ಕಿಡ್ನಿ ಸೋತವರ ರಕ್ತವನ್ನು ಯಂತ್ರದಲ್ಲಿ ಶುದ್ಧಿ ಮಾಡಿ, ಮೈಯಲ್ಲಿ ನಿಂತ ನೀರನ್ನು ತೆಗೆಯುವುದು ನಮ್ಮ ಕೆಲಸ. ಪಾಳಿ ತಪ್ಪಿದರೆ ಮೊದಲು ಕಾಲು ಊದುತ್ತವೆ, ಆಮೇಲೆ ನೀರು ಶ್ವಾಸಕೋಶಕ್ಕೆ ಏರುತ್ತದೆ.

ನನ್ನ ತಲೆ ತಿಂದ ರೋಗಿಯೆಂದರೆ ಬಾದಾಮಿಯ ನಿವೃತ್ತ ಶಿಕ್ಷಕ ಸ್ಯಾಮುವೆಲ್ ಮಾಸ್ತರು. ಕಿಟಕಿ ಪಕ್ಕದ ಹಾಸಿಗೆಯೇ ಬೇಕು, ಫ್ಯಾನು ತಮ್ಮ ಕಡೆಗೇ ಬೀಸಬೇಕು. ಆ ಗುರುವಾರವಂತೂ ಬಂದವರೇ ಅವಸರ ಹಚ್ಚಿದರು. ಶುಭ ಶುಕ್ರವಾರದ ಹಿಂದಿನ ಸಂಜೆ ಅವರ ಚರ್ಚಿನಲ್ಲಿ ಪಾದ್ರಿಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ. ಆ ಸಾಲಿನಲ್ಲಿ ಕೂರಲು ಮಾಸ್ತರು ವರ್ಷಗಟ್ಟಲೆ ಕಾದಿದ್ದರು, ಈ ಸಲ ಅವರ ಸರದಿ ಬಂದಿತ್ತು. ಊದಿದ ಕಾಲನ್ನು ಎಲ್ಲರೆದುರು ಚಾಚಲು ಅವರಿಗೆ ನಾಚಿಕೆ. ಡಯಾಲಿಸಿಸ್ ಆದರೆ ಊತ ಇಳಿಯುತ್ತದೆ ಎಂಬುದು ಲೆಕ್ಕಾಚಾರ.

ಅಷ್ಟರಲ್ಲಿ ಡಯಾಲಿಸಿಸ್ ಯಂತ್ರಗಳಿಗೆ ಬೇಕಾದ ನೀರು ಶುದ್ಧಿ ಮಾಡುವ ಆರ್‌ಒ ಘಟಕ ಕೈಕೊಟ್ಟಿತು. ಟ್ಯಾಂಕಿನಲ್ಲಿ ಉಳಿದಿದ್ದ ನೀರು ಇನ್ನು ಒಬ್ಬರಿಗಷ್ಟೇ ಸಾಕಾಗುತ್ತಿತ್ತು. ಮೆಕ್ಯಾನಿಕ್ ಹುಬ್ಬಳ್ಳಿಯಿಂದ ಬರುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಪಾಳಿ ಮಾಸ್ತರದೇ. ನಾನು ಸೂಜಿ ಸಿದ್ಧ ಮಾಡುತ್ತಿದ್ದಾಗ ಇಳಕಲ್ಲಿನ ನೇಕಾರ ಹೆಂಗಸು ಶಂಕ್ರವ್ವನನ್ನು ಸ್ಟ್ರೆಚರಿನಲ್ಲಿ ತಂದರು. ಮಗ್ಗದ ಮೇಲಿದ್ದ ಮದುವೆ ಸೀರೆಗೆ ಸೆರಗು ಕೂಡಿಸುವ ಕೆಲಸ ನಡುವೆ ಬಿಡುವಂಥದ್ದಲ್ಲ ಎಂದು ಪಾಳಿ ತಪ್ಪಿಸಿ ಕೂತಿದ್ದಳಂತೆ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು.

ಡಾಕ್ಟರು ಮಾಸ್ತರನ್ನು ಪರೀಕ್ಷಿಸಿ, ತೊಂದರೆಯಾದರೂ ನಾಳೆಯವರೆಗೆ ತಡೆಯಬಲ್ಲರು, ಆದರೆ ಅವರ ಪಾಳಿ ಕಿತ್ತುಕೊಳ್ಳಲಾರೆ ಎಂದು ಹೇಳಿ, ಶಂಕ್ರವ್ವನನ್ನು ಬೇರೆ ಊರಿನ ಆಸ್ಪತ್ರೆಗೆ ಕಳಿಸಲು ಆಂಬುಲೆನ್ಸಿಗೆ ಫೋನು ಹಚ್ಚಿದರು. ಆಕೆ ದಾರಿಯಲ್ಲಿ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ.

ಮಾಸ್ತರು ಎದ್ದು ಕೂತರು, ಮಲಗಿದರು, ಮತ್ತೆ ಎದ್ದರು. ಕಿಟಕಿಯವರೆಗೆ ಹೋಗಿ ಬಂದರು. ತಪ್ಪು ಆಕೆಯದೇ ಎಂದು ಗೊಣಗಿದರು. ನನಗೆ ಮೈಯೆಲ್ಲ ಉರಿಯಿತು. ನಾಲ್ಕು ಮಾತು ಒಗೆಯಲು ಬಾಯಿ ತೆರೆದವಳು, ಅವರ ಮುಖ ನೋಡಿ ಸುಮ್ಮನಾದೆ. ಅವರು ಜಗಳವಾಡುತ್ತಿದ್ದುದು ನಮ್ಮ ಜೊತೆ ಅಲ್ಲ.

ಕೊನೆಗೆ ಚಪ್ಪಲಿಗೆ ಕಾಲು ತುರುಕುತ್ತ ಅಂದರು: "ಸಿಸ್ಟರ್, ಆಕಿನ್ನ ಮಲಗಸ್ರಿ. ನನಗ ಇವತ್ತ ಬೇಕಾಗಿದ್ದು ಚಂದ ಕಾಣೋ ಕಾಲು. ಆಕೀಗೆ ಬೇಕಾಗಿದ್ದು ಉಸಿರು."

ಚಪ್ಪಲಿ ಹಿಡಿಸಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಹೋದರು.

ಮರುದಿನ ಬೆಳಿಗ್ಗೆ ಬಂದಾಗ ಏದುಸಿರು ಬಿಡುತ್ತಿದ್ದರು, ಕಾಲು ಇನ್ನಷ್ಟು ಊದಿದ್ದವು. ಚರ್ಚಿಗೆ ಹೋಗಿದ್ದಿರಾ ಎಂದು ಕೇಳಿದೆ. ಹೋಗಿದ್ದರಂತೆ. ಪಾದ್ರಿಗಳು ಒರೆಸುವಾಗ ಬೆರಳು ಒತ್ತಿದಲ್ಲೆಲ್ಲ ಕುಳಿ ಬಿದ್ದು ಹಾಗೇ ಉಳಿದವಂತೆ, ಎಲ್ಲರೂ ನೋಡಿದರಂತೆ. ಹೇಳುತ್ತ ನಕ್ಕರು.

ಅಷ್ಟರಲ್ಲಿ ವಾರ್ಡಿನಿಂದ ಶಂಕ್ರವ್ವ ಗೋಡೆ ಹಿಡಿದು ಬಂದಳು. ಅವರ ಕಾಲು ಮುಟ್ಟಲು ಬಾಗಿದಳು. ಮಾಸ್ತರು ಗಾಬರಿಯಿಂದ ಹಿಂದೆ ಸರಿದರು.

"ಬ್ಯಾಡವ್ವ. ನಿನ್ನಿ ಕೊಡಬಾರದು ಅಂತನ ನನ್ನ ಮನಸ್ಸು ಭಾಳ ಹೊತ್ತು ಹಟ ಹಿಡಿದಿತ್ತು."

ನನಗೆ ಕಣ್ಣು ತುಂಬಿ ಬಂತು. ಹಿಂದಿನ ದಿನ ನಾನು ಗದರಿದ್ದರೆ ಆ ಮನುಷ್ಯ ಹಟಕ್ಕೆ ಬಿದ್ದು ಹಾಸಿಗೆ ಬಿಡದೇ ಮಲಗುತ್ತಿದ್ದರು. ರೋಗಿಗೆ ಯಾವಾಗ ಸೂಜಿ ಚುಚ್ಚಬೇಕೆಂದು ನನಗೆ ಕಾಲೇಜು ಕಲಿಸಿತ್ತು. ಯಾವಾಗ ಬಾಯಿ ಮುಚ್ಚಿಕೊಂಡು ಕಾಯಬೇಕೆಂದು ಕಲಿಸಿದವರು ಮಾಸ್ತರು.