ಬರೆದುಕೊಳ್ಳದ ತೂಕ

ಬಜಾರಿನಲ್ಲಿ ಅವರಿಗೆ ತಕ್ಕಡಿ ಸಾಹೇಬರು ಎಂದೇ ಹೆಸರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟು ಎರಡು ವರ್ಷವಾದರೂ ಅವರು ಬಜಾರಿಗೆ ಕಾಲಿಟ್ಟರೆ ಸಾಕು, ಅಂಗಡಿಯವರ ಕೈ ತಾನಾಗಿಯೇ ತಕ್ಕಡಿಯ ತಟ್ಟೆ ಒರೆಸಲು ಹೋಗುತ್ತಿತ್ತು. ಯಾರ ಅಂಗಡಿಯಲ್ಲೂ ಒಂದು ಲೋಟ ಚಹಾವನ್ನು ಪುಕ್ಕಟೆ ಕುಡಿದ ಆಸಾಮಿಯಲ್ಲ. ಸ್ವಂತ ಭಾವಮೈದುನನ ಅಂಗಡಿಯಲ್ಲಿ ಕಿಲೋ ಬಟ್ಟು ಹನ್ನೆರಡು ಗ್ರಾಂ ಕಡಿಮೆ ಬಂತೆಂದು ದಂಡ ಹಾಕಿ, ಅದಕ್ಕೆ ಹೆಂಡತಿ ಮೂರು ತಿಂಗಳು ಮಾತು ಬಿಟ್ಟರೂ ಜಪ್ಪಯ್ಯ ಅನ್ನದೆ ಕೂತಿದ್ದವರು.

ಇಂಥ ಮನುಷ್ಯ ನಿವೃತ್ತಿಯ ಮೇಲೆ ಸುಮ್ಮನೆ ಕೂತು ಪೇಪರು ಓದುತ್ತಾರೆಯೇ? ಮದುವೆಯಾಗಿ ಹೋದ ಮಗಳ ಓದುವ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡರು, ದೊಡ್ಡದೊಂದು ಕಂಪ್ಯೂಟರ್ ಪರದೆ ತಂದಿಟ್ಟರು, ಹತ್ತು ಲಕ್ಷ ಹೂಡಿ ಸೂಚ್ಯಂಕದ ಫ್ಯೂಚರ್ಸ್ ವ್ಯಾಪಾರಕ್ಕೆ ಇಳಿದೇಬಿಟ್ಟರು. ಒಂದು ಕಂಪನಿಯ ಷೇರಲ್ಲ. ಇಡೀ ಷೇರುಪೇಟೆ ಇವತ್ತು ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಎಂದು ಬೆಳಿಗ್ಗೆ ಹಣ ಕಟ್ಟುವುದು, ಸಂಜೆ ಪೇಟೆ ಮುಚ್ಚುವುದರೊಳಗೆ ಹೊರಬರುವುದು. ಅವರೇ ಬರೆದಿಟ್ಟುಕೊಂಡ ಪದ್ಧತಿ ಒಂದಿತ್ತು. ದಿನಕ್ಕೆ ಒಂದೇ ವ್ಯಾಪಾರ. ಪೇಟೆ ಮೂವತ್ತು ಪಾಯಿಂಟ್ ವಿರುದ್ಧ ಹೋದರೆ ನಷ್ಟ ಒಪ್ಪಿಕೊಂಡು ಕಂಪ್ಯೂಟರ್ ಮುಚ್ಚುವುದು. ಪ್ರತಿಯೊಂದನ್ನೂ ನೀಲಿ ರಟ್ಟಿನ ರಿಜಿಸ್ಟರಿನಲ್ಲಿ, ಇಲಾಖೆಯ ಅದೇ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದರು. ಹಾಳೆ ಹಾರದಂತೆ ಅದರ ಮೇಲೆ ಹಿತ್ತಾಳೆಯ ಒಂದು ಕಿಲೋ ಬಟ್ಟು.

ಹದಿನಾಲ್ಕು ತಿಂಗಳ ರಿಜಿಸ್ಟರು ಹೇಳುತ್ತಿದ್ದದ್ದು ಒಂದೇ: ತಿಂಗಳಿಗೆ ನೂರಕ್ಕೆ ನಾಲ್ಕು ಲಾಭ.

ಈ ನಾಲ್ಕು ಎನ್ನುವ ಅಂಕಿ ಸಾಹೇಬರ ಬಾಯಿಂದ ಹೊರಟು ತಂಗಿಯ ಕಿವಿಗೆ ಬಿದ್ದದ್ದೇ ಎಡವಟ್ಟಾಯಿತು. ತಂಗಿ ಆಸ್ಪತ್ರೆಯಲ್ಲಿ ನರ್ಸು. ಮದುವೆಯ ಗೋಜಿಗೆ ಹೋದವಳಲ್ಲ, ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ನಿಂತೇ ಕಳೆದವಳು. ಈಗ ಎರಡೂ ಮಂಡಿಗಳು ಸವೆದು, ರೋಗಿಗಳೇ ಅವಳನ್ನು ಕಂಡು ಅಯ್ಯೋ ಅನ್ನುವ ಸ್ಥಿತಿ. ಕೆಲಸ ಬಿಟ್ಟರೆ ಕೈಗೆ ಎಂಟು ಲಕ್ಷ ಬರುತ್ತದೆ. ಅದನ್ನು ಅಣ್ಣನ ವ್ಯಾಪಾರಕ್ಕೆ ಹಾಕಿದರೆ ನೂರಕ್ಕೆ ನಾಲ್ಕರಂತೆ ತಿಂಗಳಿಗೆ ಮೂವತ್ತೆರಡು ಸಾವಿರ. ಅದು ಅವಳ ಸಂಬಳಕ್ಕಿಂತ ಎರಡು ಸಾವಿರ ಹೆಚ್ಚೇ. ಅಣ್ಣ ಹೇಳಿದ ಮೇಲೆ ಮತ್ತೊಬ್ಬರನ್ನು ಕೇಳುವುದೇನಿದೆ?

"ಭಾನುವಾರ ಬರ್ತೀನಿ ಅಣ್ಣ, ರಾಜೀನಾಮೆ ಪತ್ರ ತರ್ತೀನಿ, ಒಂದ್ಸಲ ಓದಿ ಕೊಡು. ಸೋಮವಾರ ಹತ್ತು ಗಂಟೆಗೆ ಮೇಟ್ರನ್ ಕೈಗೆ ಕೊಟ್ರೆ ಮುಗೀತು" ಎಂದು ಫೋನಿನಲ್ಲಿ ಹೇಳಿದಾಗ ಸಾಹೇಬರು ಹಿಗ್ಗಿಹೋದರು. ತಂಗಿಯ ಕಾಲಿಗೆ ಕೊನೆಗೂ ತಾನೊಂದು ಆಸರೆಯಾದೆ ಎಂಬ ಸಂತೋಷ. ಬರಿಗೈಯಲ್ಲಿ ಹೇಳಿದರೆ ಸಾಲದು, ಮುದ್ರೆಯಿರುವ ಕಾಗದ ತೋರಿಸಬೇಕು ಎನಿಸಿತು. ಪ್ರಮಾಣಪತ್ರವಿಲ್ಲದ ತಕ್ಕಡಿ ಅವರಿಗೆ ತಕ್ಕಡಿಯೇ ಅಲ್ಲ. ಭಾನುವಾರ ಬೆಳಿಗ್ಗೆ ಬೀದಿ ತುದಿಯ ಜೆರಾಕ್ಸ್ ಅಂಗಡಿಗೆ ಹೋಗಿ ಬ್ರೋಕರ್ ಕಂಪನಿ ಕಳಿಸಿದ ಹದಿನಾಲ್ಕು ತಿಂಗಳ ಲಾಭ-ನಷ್ಟದ ಪಟ್ಟಿಯನ್ನು ಪ್ರಿಂಟ್ ಹಾಕಿಸಿಕೊಂಡು ಬಂದರು.

ಮಧ್ಯಾಹ್ನ ಎರಡಕ್ಕೆ ರಿಜಿಸ್ಟರು ತೆರೆದು ಪಟ್ಟಿಯ ಜೊತೆ ತಾಳೆ ನೋಡತೊಡಗಿದರು. ಪಟ್ಟಿಯ ಕೊನೆಯ ಸಾಲಿನಲ್ಲಿ ಐದು ಲಕ್ಷ ಅರವತ್ತು ಸಾವಿರ ಲಾಭ ಇರಬೇಕಿತ್ತು. ಮೂರು ಲಕ್ಷ ಎಂದಿತ್ತು. ಅದರ ಹಿಂದೆ ಕಳೆಯುವ ಚಿಹ್ನೆ.

ಕನ್ನಡಕ ಒರೆಸಿ ಮತ್ತೆ ನೋಡಿದರು. ಕಳೆಯುವ ಚಿಹ್ನೆ ಅಲ್ಲೇ ಇತ್ತು.

ಸಾಹೇಬರು ಸುಳ್ಳುಗಾರರಲ್ಲ, ಅದನ್ನು ಆಣೆ ಮಾಡಿ ಹೇಳಬಹುದು. ಅವರನ್ನು ಕೆಡಿಸಿದ್ದು ಇಲಾಖೆಯ ಒಂದು ಪದ್ಧತಿ. ತಕ್ಕಡಿಯನ್ನು ಪರೀಕ್ಷೆ ಮಾಡುವ ಮುನ್ನ ಅದರ ಮೇಲೆ ಒಮ್ಮೆ ಪೂರ್ತಿ ಭಾರ ಹೇರಿ ಇಳಿಸಬೇಕು. ಹಾಗೆ ಮಾಡಿದರೆ ಅದು ಹದಕ್ಕೆ ಬರುತ್ತದೆ. ಆ ಮೊದಲ ತೂಕವನ್ನು ಬರೆದುಕೊಳ್ಳುವಂತಿಲ್ಲ. ತಕ್ಕಡಿ ಸಮಾಧಾನಕ್ಕೆ ಬಂದ ಮೇಲಿನದ್ದೇ ಲೆಕ್ಕ. ಇಪ್ಪತ್ತೊಂಬತ್ತು ವರ್ಷ ಹೀಗೆ ಮಾಡಿದ ಕೈ, ವ್ಯಾಪಾರದಲ್ಲೂ ಹಾಗೇ ಮಾಡಿತು. ಬೆಳಿಗ್ಗೆ ಮೂವತ್ತು ಪಾಯಿಂಟ್ ಕಳೆದುಕೊಂಡ ಸಿಟ್ಟಿಗೆ, ಹೋದದ್ದನ್ನು ವಾಪಸು ತರುತ್ತೇನೆಂದು ಹಟಕ್ಕೆ ಬಿದ್ದು ಎರಡನೆಯದು, ಮೂರನೆಯದು ಎಂದು ಕೈಹಾಕಿದ ದಿನಗಳಿದ್ದವಲ್ಲ, ಅವನ್ನು ರಿಜಿಸ್ಟರಿಗೆ ಸೇರಿಸದೆ ಒಂದು ಹಳೇ ಡೈರಿಯಲ್ಲಿ ಗೀಚಿಡುತ್ತಿದ್ದರು. ಅದು ಪದ್ಧತಿಯ ತಪ್ಪಲ್ಲ, ನನ್ನ ಕೈ ಸಮಾಧಾನದಲ್ಲಿ ಇರಲಿಲ್ಲ, ಪದ್ಧತಿಯ ಅಳತೆಗೆ ಅದನ್ನು ಸೇರಿಸಬಾರದು ಎಂಬುದು ಅವರ ವಾದ.

ಈಗ ಮೊದಲ ಬಾರಿಗೆ ಡೈರಿಯನ್ನು ಕೂಡಿದರು. ಐದು ಲಕ್ಷ ಎಂಬತ್ತು ಸಾವಿರ ನಷ್ಟ. ರಿಜಿಸ್ಟರಿನಲ್ಲಿ ಬರೆದ ಬೆಲೆಗಳೂ ಪಟ್ಟಿಗೆ ಹೊಂದಲಿಲ್ಲ. ಅವರು ಬರೆದದ್ದು ಪರದೆಯ ಮೇಲೆ ಕಂಡ ಬೆಲೆ, ಪಟ್ಟಿಯಲ್ಲಿದ್ದದ್ದು ನಿಜಕ್ಕೂ ಸಿಕ್ಕ ಬೆಲೆ. ಎರಡು ಪಾಯಿಂಟು, ಮೂರು ಪಾಯಿಂಟು ಎಂದು ಕಡೆಗಣಿಸಿದ್ದು ಒಂದು ಲಕ್ಷ ಅರವತ್ತು ಸಾವಿರವಾಗಿ ಕೂತಿತ್ತು. ದಲ್ಲಾಳಿ ಶುಲ್ಕ ಮತ್ತು ತೆರಿಗೆ ಒಂದು ಲಕ್ಷ ಇಪ್ಪತ್ತು ಸಾವಿರ. ಖಾತೆಯಲ್ಲಿ ಇವತ್ತಿಗೂ ಹತ್ತು ಲಕ್ಷ ಕಾಣುತ್ತಿದ್ದರೆ, ಮಧ್ಯೆ ಎರಡು ಸಲ ಠೇವಣಿ ಮುರಿದು ಮೂರು ಲಕ್ಷ ತುಂಬಿದ್ದರಿಂದ. ಅದು ಮರೆತ ವಿಷಯವೇನಲ್ಲ. ನೆನಪಿಸಿಕೊಳ್ಳದೆ ಇದ್ದ ವಿಷಯ. ಹನ್ನೆರಡು ಗ್ರಾಂಗೆ ದಂಡ ಹಾಕಿದ ಮಹಾಶಯರು ನೋಡಿ.

ಪಕ್ಕದ ಮಂಚದ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ಹೆಂಡತಿ ತಲೆ ಎತ್ತಿದಳು. ಶಾಲೆಯಲ್ಲಿ ಗಣಿತದ ಟೀಚರು. "ಯಾಕ್ರೀ, ಮುಖ ಬಿಳಿಚಿಕೊಂಡಿದೆ?"

ಸಾಹೇಬರು ಮೂರನ್ನೂ ಅವಳ ಮುಂದಿಟ್ಟರು. ಅವಳು ರಿಜಿಸ್ಟರು ನೋಡಿದಳು, ಡೈರಿ ನೋಡಿದಳು, ಪಟ್ಟಿಯನ್ನು ಎರಡು ಸಲ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದರು. ಬೈಯಲಿಲ್ಲ.

"ಫೇಲಾದ ಪೇಪರೆಲ್ಲ ಪಕ್ಕಕ್ಕಿಟ್ಟು ಲೆಕ್ಕ ಹಾಕಿದ್ರೆ ನಮ್ಮ ಶಾಲೇದೂ ನೂರಕ್ಕೆ ನೂರೇ ರೀ" ಎಂದಳು. ಆಮೇಲೆ ದನಿ ತಗ್ಗಿಸಿ, "ಅವಳು ನಾಲ್ಕು ಗಂಟೆಗೆ ಬರ್ತಾಳೆ. ಏನು ಹೇಳ್ತೀರಾ?"

ಹೇಳದೇ ಇರಲೂ ದಾರಿಯಿತ್ತು, ಸಾಹೇಬರಿಗೆ ಅದೇ ಭಯ. ನಾಳೆಯಿಂದ ಎರಡನೇ ವ್ಯಾಪಾರಕ್ಕೆ ಕೈಹಾಕುವುದಿಲ್ಲ ಎಂದು ಗಟ್ಟಿ ಮಾಡಿಕೊಂಡರೆ ಮುಗಿಯಿತಲ್ಲ, ಆಗ ರಿಜಿಸ್ಟರಿನ ನಾಲ್ಕು ನಿಜವೇ ಆಗುತ್ತದಲ್ಲ ಎಂದು ಮನಸ್ಸು ಮೆಲ್ಲಗೆ ವಕಾಲತ್ತು ಶುರುಮಾಡಿತು. ಡೈರಿಯ ಪುಟ ತಿರುವಿದರು. 'ನಾಳೆಯಿಂದ ಒಂದೇ' ಎಂದು ತಾವೇ ಬರೆದದ್ದು ಹನ್ನೊಂದು ಕಡೆ ಇತ್ತು.

ತಂಗಿ ಹೇಳಿದ ಹೊತ್ತಿಗೇ ಬಂದಳು. ಬಾಗಿಲ ಚೌಕಟ್ಟು ಹಿಡಿದು ಚಪ್ಪಲಿ ಬಿಟ್ಟು, ಕುರ್ಚಿಗೆ ಮೊದಲು ಕೈಯೂರಿ ಆಮೇಲೆ ಕೂತಳು. ಮುಖದಲ್ಲಿ ಮಾತ್ರ ಹಬ್ಬ. "ಅತ್ತಿಗೆ, ಇನ್ಮೇಲೆ ನಾನೂ ನಿಮ್ಮ ಥರ ಬೆಳಿಗ್ಗೆ ಏಳು ಗಂಟೆವರೆಗೂ ಮಲಗೋಳು. ವಾರ್ಡಿನೋರಿಗೆಲ್ಲ ಹೇಳಿಬಿಟ್ಟಿದ್ದೀನಿ, ನಮ್ಮಣ್ಣ ಇದ್ದಾನೆ ಅಂತ." ಚೀಲದಿಂದ ಪತ್ರ ತೆಗೆದು ಅಣ್ಣನ ಕಡೆ ಚಾಚಿದಳು.

ಸಾಹೇಬರು ಪತ್ರ ಮುಟ್ಟಲಿಲ್ಲ. "ಇದನ್ನ ಕೊಡಬೇಡ" ಎಂದರು.

"ಯಾಕೆ, ಏನಾದ್ರೂ ತಪ್ಪು ಬರೆದಿದ್ದೀನಾ?"

"ನೀನಲ್ಲ. ನಾನು ತಪ್ಪು ಬರೆದಿದ್ದೀನಿ."

ಆಮೇಲೆ ಎಲ್ಲವನ್ನೂ ಹೇಳಿದರು. ಡೈರಿ, ಠೇವಣಿ, ಕಳೆಯುವ ಚಿಹ್ನೆಯ ಮುಂದಿನ ಮೂರು ಲಕ್ಷ, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ತಂಗಿಯ ಮುಖ ನೋಡಲಾಗದೆ ಹಿತ್ತಾಳೆ ಬಟ್ಟನ್ನೇ ನೋಡುತ್ತಿದ್ದರು.

ತಂಗಿ ಚಾಚಿದ ಪತ್ರವನ್ನು ಮಡಿಲಿಗೆ ಇಳಿಸಿಕೊಂಡಳು. "ಹಾಗಾದ್ರೆ ಆ ನಾಲ್ಕು ಅನ್ನೋದು?"

"ನನ್ನ ಕೈ ಸರಿಯಿದ್ದ ದಿನದ್ದು ಮಾತ್ರ."

"ನೀನು ಒಂದು ಅಂದಿದ್ರೂ ನಂಬ್ತಿದ್ದೆ ಅಣ್ಣ" ಎಂದಳು. "ಏನೂ ಸಿಗಲ್ಲ ಅಂದಿದ್ರೂ ನಂಬ್ತಿದ್ದೆ. ನಿನ್ನ ಬಾಯಿಂದ ಏನು ಬಂದ್ರೂ ನಂಬ್ತಿದ್ದೆನಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಾಹೇಬರು ಹೇಗೋ ತಡೆದುಕೊಳ್ಳುತ್ತಿದ್ದರು. ಅವಳು ಪತ್ರವನ್ನು ನಾಲ್ಕಾಗಿ ಮಡಿಸಿ ಚೀಲದ ತಳಕ್ಕೆ ಸೇರಿಸಿದಳು, ಫೋನು ತೆಗೆದು ಮೇಟ್ರನ್‌ಗೆ ಮಾತಾಡಿದಳು. "ಇಲ್ಲ ಮೇಡಂ, ಬಿಡ್ತಾ ಇಲ್ಲ. ಮುಂದಿನ ತಿಂಗಳ ಡ್ಯೂಟಿ ಪಟ್ಟಿಲಿ ನನ್ನ ಹೆಸರು ಹಾಗೇ ಇರಲಿ. ಹೌದು, ಎಲ್ಲಾ ಸರಿ ಇದೆ." ಅತ್ತಿಗೆ ಕೊಟ್ಟ ಚಹಾವನ್ನು ಪೂರ್ತಿ ಕುಡಿದು ಎದ್ದಳು.

ಬಸ್ ನಿಲ್ದಾಣದವರೆಗೆ ಸಾಹೇಬರೂ ಹೋದರು. ಚೀಲ ಹಿಡಿದುಕೊಳ್ಳುತ್ತೇನೆ ಎಂದರು, ಅವಳು ಕೊಡಲಿಲ್ಲ. ಬಸ್ಸು ಬಂತು. ಅವಳು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಮಂಡಿಗೆ ಒತ್ತಿ ಮೇಲೆ ಹತ್ತಿದಳು. ಮೂರೇ ಮೆಟ್ಟಿಲು. ಒಂದೊಂದರ ಮೇಲೂ ಎರಡು ಕಾಲನ್ನೂ ಊರಿ, ನಿಂತು, ಉಸಿರೆಳೆದುಕೊಂಡು ಮುಂದಿನದಕ್ಕೆ. ಕಂಡಕ್ಟರು ಬೇಗ ಬೇಗ ಎಂದು ಕೂಗುತ್ತಿದ್ದ. ಸಾಹೇಬರಿಗೆ ಮುಖ ಆ ಕಡೆ ತಿರುಗಿಸಿಕೊಳ್ಳಬೇಕು ಎನಿಸಿತು. ತಿರುಗಿಸಲಿಲ್ಲ. ಮೂರು ಮೆಟ್ಟಿಲನ್ನೂ, ಒಂದನ್ನೂ ಬಿಡದೆ, ನೋಡಿದರು.