ಬೇವಿನ ಮರದ ಈಚೆಗೇ

ಮೊನ್ನೆ ಆಂಡರ್ಸನ್‌ಪೇಟೆಯ ಟೀ ಅಂಗಡಿಯೊಂದರ ಮುಂದೆ ಸ್ಕೂಟರ್ ನಿಲ್ಲಿಸಿದ್ದೆ. ಒಳಗೆ ಒಣಶುಂಠಿ, ಬೆಲ್ಲ ಹಾಕಿ ಸುಕ್ಕು ಕಾಫಿ ಕುದಿಸುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ನಿಂತುಬಿಟ್ಟೆ. ನಮ್ಮ ಶಾಲೆಯ ಲೆಕ್ಕದ ಮೇಡಂ ಫ್ಲಾಸ್ಕಿನ ಮುಚ್ಚಳ ತೆಗೆದರೆ ಇಡೀ ಸ್ಟಾಫ್ ರೂಮು ಹೀಗೇ ಘಮ್ಮೆನ್ನುತ್ತಿತ್ತು...

ನಾನು ಆ ಶಾಲೆಗೆ ಕನ್ನಡ ಕಲಿಸಲು ಸೇರಿದಾಗ ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ಮೈಸೂರು ಮೈನ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದವರು. ಮನೆಮಾತು ತಮಿಳು, ಬೈಯಲು ಮಾತ್ರ ಮೂರು ಭಾಷೆಯೂ ಬೇಕು. ಲೆಕ್ಕ ಅಂದರೆ ನನಗೆ ಅಷ್ಟಕ್ಕಷ್ಟೆ ಎಂದು ಗೊತ್ತಾದ ಮೇಲೆ ಕಂಡಾಗಲೆಲ್ಲ ತಮಿಳಿನ ಮುದ್ದಿನಲ್ಲಿ 'ಕಣ್ಣು' ಎಂದು ಕರೆದು ಕಾಡುತ್ತಿದ್ದರು. "ಏನ್ ಕಣ್ಣು, ಇಷ್ಟು ವ್ಯಾಕರಣ ಓದಿದೀಯ, ಒಂದು ತ್ರಿಕೋನಕ್ಕೆ ಹೆದರ್ತೀಯಲ್ಲಾ?" ನಾನೂ ಸುಮ್ಮನಿರುತ್ತಿರಲಿಲ್ಲ. ನಿಮ್ಮ ತ್ರಿಕೋನದಿಂದ ಯಾರ ಹೊಟ್ಟೆ ತುಂಬುತ್ತೆ ಮೇಡಂ, ಅನ್ನುತ್ತಿದ್ದೆ.

ಅಂಥ ನಾನೇ ಒಂದು ದಿನ ಅವರ ಮುಂದೆ ಹೋಗಿ ಕೂತೆ.

ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನಲ್ಲಿ ಅಮ್ಮನಿಗೆ ಮೂರು ಮೂಲೆಯ ಒಂದು ಹೊಲವಿದೆ. ಒಂದು ಕಡೆ ರಸ್ತೆ, ಅದರ ಒಂದು ತುದಿಗೆ ಹುಣಸೆ ಮರ, ಇನ್ನೊಂದು ತುದಿಗೆ ಬೇವಿನ ಮರ, ಮೂರನೆಯ ಮೂಲೆಯಲ್ಲಿ ಬಾವಿ. ಉಳಿದೆರಡು ಕಡೆಯೂ ಒಬ್ಬನದೇ ಜಮೀನು. ಅಮ್ಮ ವರ್ಷವರ್ಷವೂ ಬದು ಕೆತ್ತಿ ತನ್ನ ನೆಲ ಒಳಗೆ ಹಾಕಿಕೊಂಡಿದ್ದಾಳೆ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹಾಲು ಹಾಕಲು ಡೈರಿ ಮುಂದೆ ನಿಂತರೂ ಅಮ್ಮನ ಕಿವಿಗೆ ಅದೇ ಮಾತು. ಅಳೆದರೆ ಮುಗಿಯುತ್ತಿತ್ತು. ಆದರೆ ಊರ ಹಿರಿಯರು ಜಗಳದ ಬದುವನ್ನೇ ಪಾದವಾಗಿ ಇಟ್ಟುಕೊಂಡರು. ಎದುರಿನ ಮೂಲೆಯಿಂದ ಅದಕ್ಕೆ ಲಂಬವಾಗಿ ಎಳೆಯಹೋದ ಟೇಪು ನಮ್ಮ ಹೊಲ ಬಿಟ್ಟು ಅವನ ಟೊಮೇಟೊ ಸಾಲಿಗೆ ಇಳಿಯಿತು. "ನನ್ನ ಒಲಕ್ಕೆ ಕಾಲಿಟ್ರೆ ಕಾಲು ಮುರೀತೀನಿ ಕಣ್ರಲಾ" ಎಂದು ಅಡ್ಡ ನಿಂತ. ಅಳತೆ ಅಲ್ಲಿಗೇ ನಿಂತಿತು. ಅಮ್ಮ ಅವತ್ತು ಊಟ ಮಾಡಲಿಲ್ಲ.

ಮೇಡಂ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಹೊಲ ಗೀಚಿದರು. ಮೂರು ಬದಿ ಅಳೆದರೂ ವಿಸ್ತೀರ್ಣ ಸಿಗುತ್ತೆ, ಆದರೆ ವರ್ಗಮೂಲ ಅಂದರೆ ನಿಮ್ಮೂರಲ್ಲಿ ಒಪ್ಪೋರು ಯಾರು ಎಂದು ನಕ್ಕರು. ಎಲ್ಲಕ್ಕಿಂತ ಉದ್ದದ ಬದಿ ರಸ್ತೆಯದ್ದಾದರೆ ಎದುರಿನ ಬಾವಿಯಿಂದ ಅದಕ್ಕೇ ಲಂಬ ಎಳೆಯಿರಿ, ಹೊರಗೆ ಹೋಗುವುದೇ ಇಲ್ಲ ಅಂದರು. ನನಗೆ ನಂಬಿಕೆ ಬರಲಿಲ್ಲ. ಬಾವಿ ಬೇವಿನ ಮರದ ಕಡೆಗೇ ಇತ್ತು. ನಿಂತು ನೋಡಿದರೆ ಗೆರೆ ಬೇವಿನ ಆಚೆ ಬೀಳುತ್ತದೇನೋ ಅನ್ನಿಸುತ್ತಿತ್ತು. ಎಳೆದೇ ನೋಡೋಣ ಅಂದೆ.

"ಎಳೆದು ನೋಡೋದಲ್ಲ ಮಾ. ಎಳೆಯೋಕೆ ಮುಂಚೇನೇ ಗೊತ್ತಿರ್ಬೇಕು."

ಭಾನುವಾರ ನನ್ನ ಸ್ಕೂಟರಿನ ಹಿಂದೆ ಕೂತು ಬಂದೇಬಿಟ್ಟರು. ಮೊದಲು ಹಿರಿಯರಿಂದ ಮೂರು ಬದಿಯನ್ನೂ ಅಂಚಿನಲ್ಲೇ ಅಳೆಸಿದರು, ಟೇಪಿನ ಒಂದು ತುದಿಯನ್ನು ಆ ಪಕ್ಕದ ಹೊಲದವನ ಕೈಗೇ ಕೊಟ್ಟು. ಹುಣಸೆ ಮರದಿಂದ ಬೇವಿನ ಮರದವರೆಗಿನ ರಸ್ತೆ ಬದಿಯೇ ಉದ್ದವಾಗಿತ್ತು. ಆಮೇಲೆ ಅವನ ಕಡೆ ತಿರುಗಿದರು.

"ಅಣ್ಣಾ, ಬಾವಿಯಿಂದ ಎಳೆದ ಟೇಪು ಬೇವು ದಾಟಿ ನಿಮ್ಮ ಹೊಲದಲ್ಲಿ ಬೀಳುತ್ತೆ ಅಂತಾನೇ ಇಟ್ಕೊಳ್ಳಿ. ಹುಣಸೆಯಿಂದ ಆ ಜಾಗ, ಈ ರಸ್ತೆ ಬದಿಗಿಂತ ದೂರ ತಾನೆ?"

"ಊಂ."

"ಆ ಜಾಗದಲ್ಲಿ ಟೇಪು ಲಂಬ, ಮೂಲೆಮಟ್ಟ. ಅದಕ್ಕೆ ಎದುರಾಗಿ ಹುಣಸೆಯಿಂದ ಬಾವಿಗೆ ಓರೆ ಗೆರೆ. ಯಾವುದು ಉದ್ದ?"

"ಓರೇನೇ ಉದ್ದ."

"ಹಂಗಾದ್ರೆ ಹುಣಸೆಯಿಂದ ಬಾವಿಗಿರೋ ಬದಿ ರಸ್ತೆ ಬದೀನೇ ಮೀರಿಸ್ಬೇಕು. ಈಗ ತಾನೇ ಅಳೆದ್ರಲ್ಲಾ, ಮೀರಿಸ್ತಾ?"

ಅವನು ಹುಣಸೆಯನ್ನು ನೋಡಿದ, ಬಾವಿಯನ್ನು ನೋಡಿದ. "ಇಲ್ಲ" ಅಂದ. ಹುಣಸೆ ತುದಿಗೂ ಇದೇ ನ್ಯಾಯ ಅಣ್ಣಾ ಎಂದು ಮೇಡಂ ಸೆರಗು ಸಿಕ್ಕಿಸಿಕೊಂಡರು. ಅವನು ಪಕ್ಕಕ್ಕೆ ಸರಿದು, "ಎಳೀರಲಾ" ಅಂದ.

ಟೇಪು ಬೇವಿನ ಮರದ ಈಚೆಗೇ ಬಿತ್ತು. ಹಿರಿಯರು ಅಲ್ಲೇ ಕೂತು ಗುಂಟೆ ಲೆಕ್ಕ ಹಾಕಿದರು. ಪಹಣಿಯಲ್ಲಿದ್ದದ್ದಕ್ಕಿಂತ ಒಂದು ಚೂರೂ ಹೆಚ್ಚಿರಲಿಲ್ಲ. ಅಮ್ಮ ಎಲ್ಲರೆದುರೇ ಮೇಡಂ ಕೈ ಹಿಡಿದುಕೊಂಡು ಅತ್ತಳು. ಮಾರನೆಯ ದಿನ ಹಾಲಿನ ಕ್ಯಾನ್ ಹಿಡಿದು ಊರ ನಡುವೆ ತಲೆಯೆತ್ತಿ ನಡೆದಳು. ಅದನ್ನು ಕಂಡ ಮೇಲೆ ತ್ರಿಕೋನದ ಬಗ್ಗೆ ಹಗುರವಾಗಿ ಮಾತಾಡುವುದನ್ನು ನಾನು ಬಿಟ್ಟೆ.

ನಿನ್ನೆ ಸಂಜೆ ಅದೇ ಪಕ್ಕದ ಹೊಲದವನು ನಮ್ಮ ಮನೆ ಬಾಗಿಲಿಗೆ ಬಂದಿದ್ದ. ಅವನಿಗೂ ಅವನ ತಮ್ಮನಿಗೂ ಇನ್ನೊಂದು ಮೂರು ಮೂಲೆ ತುಂಡಿನ ಮೇಲೆ ಜಗಳ. "ಆ ಮೇಡಮ್ಮನ್ನ ಒಂದ್ಸಲ ಕರ್ಕೊಂಡ್ ಬಾಮ್ಮ" ಅಂದ. ಮೇಡಂ ಹೋದ ವರ್ಷವೇ ತೀರಿಕೊಂಡರು ಎಂದೆ. ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ, "ಅಂಗಾದ್ರೆ ನೀನೇ ಬಾ. ಅವತ್ತು ನೀನೂ ಅಲ್ಲೇ ಇದ್ದಲ್ಲಾ" ಅಂದ.

ಇವತ್ತು ಬೆಳಿಗ್ಗೆ ಹೋದೆ. ಅಣ್ಣತಮ್ಮಂದಿರಿಬ್ಬರನ್ನೂ ನಿಲ್ಲಿಸಿಕೊಂಡು, ಉದ್ದದ ಬದಿ ಯಾವುದು, ಲಂಬ ಯಾಕೆ ಹೊರಗೆ ಹೋಗುವುದಿಲ್ಲ, ಎಲ್ಲವನ್ನೂ ಎಲ್ಲೂ ತಡವರಿಸದೆ ಹೇಳಿದೆ. ಹೇಳಿ ಮುಗಿಸಿ, "ಸರಿ ತಾನೇ ಮೇಡಂ?" ಎಂದು ಪಕ್ಕಕ್ಕೆ ತಿರುಗಿದೆ...

ಟೇಪಿನ ತುದಿ ಹಿಡಿದು ಅವನು ನಿಂತಿದ್ದ. "ಸರಿ ಐತೆ, ಎಳಿಯಮ್ಮಾ" ಅಂದ.